ಐವತ್ತಕ್ಕೇ ನಿವೃತ್ತಿಯೇ? ಮೊದಲು ಅಡಿಗೆಮನೆಯ ಲೆಕ್ಕ ಕೇಳಿ

ನಮ್ಮ ತಂದೆಯವರ ಕಾಲದಲ್ಲಿ ನಿವೃತ್ತಿ ಎಂದರೆ ಐವತ್ತೆಂಟು. ಒಂದು ಹಾರ, ಒಂದು ಶಾಲು, ಒಂದು ಗೋಡೆ ಗಡಿಯಾರ, ಮರುದಿನದಿಂದ ಪೆನ್ಷನ್ ಆಫೀಸಿಗೆ ಓಡಾಟ. ಅದಕ್ಕೆ ಮೊದಲೇ ಕೆಲಸ ಬಿಟ್ಟು ಮನೆಯಲ್ಲಿ ಕೂತವರನ್ನು ಕಂಡರೆ ಬೀದಿಯವರು, "ಏನಾಯ್ತಂತೆ? ಅವರಾಗೇ ಬಿಟ್ಟರಂತೋ, ಬಿಡಿಸಿದರಂತೋ?" ಎಂದು ಪಿಸುಗುಟ್ಟುತ್ತಿದ್ದರು. ಈಗ ಗಾಳಿ ಬೇರೆ ಕಡೆ ತಿರುಗಿದೆ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ ಮಾಡುವ ಹುಡುಗರು ಮದುವೆಗೆ ಮೊದಲೇ ನಿವೃತ್ತಿಯ ಮಾತಾಡುತ್ತಾರೆ. "ನಲವತ್ತೈದು ಸಾಕು. ಆಮೇಲೆ ಒಬ್ಬರ ಕೈಕೆಳಗೆ ದುಡಿಯೋದಿಲ್ಲ" ಎನ್ನುತ್ತಾರೆ.

ಇದು ಬರೀ ಬೆಂಗಳೂರಿನ ಹುಡುಗರ ಹುಚ್ಚು ಎಂದು ನಾವು ಸುಮ್ಮನಿರುವ ಹಾಗಿಲ್ಲ, ಸೋದರಿಯರೇ. ಈ ಮಾತು ನಮ್ಮಂಥ ಊರುಗಳಿಗೂ, ನಮ್ಮ ಜಗಲಿಗೂ ಬಂದಿದೆ. ನಮ್ಮೆಜಮಾನರಿಗೆ ಈಗ ಐವತ್ತು. ಖಾಸಗಿ ಕಂಪೆನಿಯಲ್ಲಿ ಲೆಕ್ಕಪತ್ರದ ಕೆಲಸ, ದಿನಾ ತುಮಕೂರಿಗೆ ಬಸ್ಸಿನಲ್ಲಿ ಹೋಗಿಬರುವುದು. ಕಳೆದ ದೀಪಾವಳಿಗೆ ನಮ್ಮಕ್ಕನ ಮಗ ಬಂದಿದ್ದಾಗ ಇಬ್ಬರೂ ಕಾಗದ ಪೆನ್ನು ಹಿಡಿದು ಕೂತರು. ರಾತ್ರಿ ಊಟದ ಹೊತ್ತಿಗೆ ಇವರು, "ಐವತ್ತೆರಡಕ್ಕೆ ಬಿಟ್ಟುಬಿಡ್ತೀನಿ ಕಣೇ, ಸಾಕಾಗಿದೆ" ಎಂದರು. ಇಪ್ಪತ್ತೇಳು ವರ್ಷ ಬಸ್ಸಿನ ಕಂಬಿ ಹಿಡಿದು ನಿಂತವರಿಗೆ ಸಾಕು ಅನಿಸುವುದು ತಪ್ಪೇನಲ್ಲ. ಆದರೆ ಆ ಕಾಗದದ ಮೇಲಿದ್ದ ಲೆಕ್ಕವನ್ನು ನೋಡಿದ ಮೇಲೆ ಈ ಲೇಖನ ಬರೆಯಬೇಕೆನಿಸಿತು. ಆ ಲೆಕ್ಕ ನಿಮ್ಮ ಮನೆಗೂ ಬರುತ್ತೆ, ಇವತ್ತಲ್ಲದಿದ್ದರೆ ನಾಳೆ.

ಈ ವಿಚಾರ ಶುರುವಾದದ್ದು ಅಮೆರಿಕದಲ್ಲಿ. ನ್ಯೂಯಾರ್ಕಿನ ವಾಲ್ ಸ್ಟ್ರೀಟಿನಲ್ಲಿ ಕೆಲಸ ಮಾಡುತ್ತಿದ್ದ ಜೋ ಡೊಮಿಂಗ್ವೆಜ್ ಎಂಬುವರು 1969ರಲ್ಲಿ, ತಮ್ಮ 31ನೇ ವಯಸ್ಸಿಗೇ ಕೆಲಸ ಬಿಟ್ಟರು. ಕೂಡಿಟ್ಟ ದುಡ್ಡಿನ ಬಡ್ಡಿಯಲ್ಲಿ ಸರಳವಾಗಿ ಬದುಕಿದರು. ಅವರೂ ವಿಕಿ ರಾಬಿನ್ ಎಂಬ ಮಹಿಳೆಯೂ ಸೇರಿ 1992ರಲ್ಲಿ ಬರೆದ ಪುಸ್ತಕ ಬಹಳ ಹೆಸರು ಮಾಡಿತು. ಅದರ ತಿರುಳನ್ನು ಅಕ್ಕನ ಮಗ ಹೇಳಿದಾಗ ನನಗೆ ಒಂದು ವಿಷಯ ಹಿಡಿಸಿತು. ಯಾವುದೇ ವಸ್ತು ಕೊಳ್ಳುವಾಗ ಅದರ ಬೆಲೆಯನ್ನು ದುಡ್ಡಿನಲ್ಲಿ ಎಣಿಸಬೇಡಿ, ಅದಕ್ಕಾಗಿ ಎಷ್ಟು ಗಂಟೆ ದುಡಿಯಬೇಕು ಎಂದು ಎಣಿಸಿ ಎನ್ನುತ್ತಾರಂತೆ. ದಿನಕ್ಕೆ ಸಾವಿರ ದುಡಿಯುವವರು ಮೂರು ಸಾವಿರದ ಸೀರೆ ಕೊಂಡರೆ ಅದು ಮೂರು ದಿನದ ಬಸ್ಸು, ಮೂರು ದಿನದ ಬುತ್ತಿ, ಮೂರು ದಿನ ಮೇಲಿನವರ ಗದರಿಕೆ. ಹೀಗೆ ನೋಡಿದರೆ ಬೀರುವಿನಲ್ಲಿರುವ ಎಷ್ಟೋ ಸೀರೆಗಳ ಬಣ್ಣವೇ ಬೇರೆಯಾಗಿ ಕಾಣುತ್ತೆ.

ಇನ್ನು ಗಂಟು ಎಷ್ಟಿರಬೇಕು ಎನ್ನುವುದಕ್ಕೂ ಅಲ್ಲಿಯವರದೇ ಸೂತ್ರ. ಕ್ಯಾಲಿಫೋರ್ನಿಯದ ವಿಲಿಯಂ ಬೆಂಗೆನ್ ಎಂಬುವರು 1994ರಲ್ಲಿ ಒಂದು ಲೇಖನ ಬರೆದರು. ಅಮೆರಿಕದ ಷೇರು, ಸಾಲಪತ್ರಗಳ 1926ರಿಂದೀಚಿನ ಲೆಕ್ಕವನ್ನೆಲ್ಲ ತೆಗೆದು ನೋಡಿ, ಗಂಟಿನಲ್ಲಿ ಮೊದಲ ವರ್ಷ ನೂರಕ್ಕೆ ನಾಲ್ಕು ರೂಪಾಯಿಯಂತೆ ತೆಗೆದು, ಮುಂದೆ ವರ್ಷವರ್ಷವೂ ಬೆಲೆ ಏರಿದಷ್ಟೇ ಏರಿಸಿಕೊಂಡು ಹೋದರೆ ಮೂವತ್ತು ವರ್ಷ ಗಂಟು ಬರಿದಾಗದು ಎಂದು ತೋರಿಸಿದರು. 1998ರಲ್ಲಿ ಟೆಕ್ಸಾಸಿನ ಟ್ರಿನಿಟಿ ವಿಶ್ವವಿದ್ಯಾಲಯದ ಮೂವರು ಪ್ರೊಫೆಸರುಗಳೂ ಹೆಚ್ಚುಕಡಿಮೆ ಇದೇ ಮಾತು ಹೇಳಿದರು. ನೂರಕ್ಕೆ ನಾಲ್ಕು ಎಂದರೆ ತಿರುಗಿಸಿ ನೋಡಿದಾಗ ಇಪ್ಪತ್ತೈದು ಪಟ್ಟು. ವರ್ಷದ ಖರ್ಚು ಎಷ್ಟೋ ಅದರ 25ರಷ್ಟು ಕೈಯಲ್ಲಿದ್ದರೆ ನೀವು ಸ್ವತಂತ್ರರು ಎಂಬುದು ಈ ಹುಡುಗರ ಮಂತ್ರ.

ಬೇಗ ಸೇರಿಸುವುದು ಹೇಗೆ ಎಂದರೆ ಅದಕ್ಕೂ ಸರಳವಾದ ಲೆಕ್ಕವಿದೆ. ನೂರರಲ್ಲಿ ಹತ್ತು ಉಳಿಸುವವನು ಒಂಬತ್ತು ವರ್ಷ ದುಡಿದರೆ ಒಂದು ವರ್ಷದ ಖರ್ಚು ಕೂಡುತ್ತೆ. ಅರ್ಧ ಉಳಿಸುವವನಿಗೆ ಒಂದು ವರ್ಷ ದುಡಿದರೆ ಒಂದು ವರ್ಷದ್ದು ಕೂಡುತ್ತೆ. ನಮ್ಮಕ್ಕನ ಮಗ ಅರ್ಧಕ್ಕಿಂತ ಹೆಚ್ಚೇ ಉಳಿಸುತ್ತಾನೆ. ಇನ್ನೂ ಮದುವೆಯಾಗಿಲ್ಲ, ಮೂವರು ಹುಡುಗರು ಸೇರಿ ಒಂದು ಮನೆ ಮಾಡಿದ್ದಾರೆ, ಹಳೇ ಮೋಟಾರ್ ಸೈಕಲ್ಲು. "ಬರುವ ಹುಡುಗಿಯನ್ನು ಕೇಳಿದ್ದೀಯೇನಪ್ಪಾ ನಿನ್ನ ನಲವತ್ತೈದರ ಲೆಕ್ಕ?" ಎಂದೆ. "ಅವಳೂ ದುಡೀತಾಳಲ್ಲ ಚಿಕ್ಕಮ್ಮ, ಇನ್ನೂ ಬೇಗ ಆಗುತ್ತೆ" ಎಂದ. ಹಡೆಯುವುದು, ಎರಡು ವರ್ಷ ಮಗು ನೋಡಿಕೊಳ್ಳುವುದು, ಅವಳ ಕಡೆಯ ತಾಯಿತಂದೆ, ಇವೊಂದೂ ಆ ಲೆಕ್ಕದಲ್ಲಿರಲಿಲ್ಲ. ಬಿಡಿ, ಅವನು ಕಲಿಯುತ್ತಾನೆ.

ನಮ್ಮೆಜಮಾನರ ಕಾಗದದಲ್ಲಿ ಇದ್ದದ್ದು ಇಷ್ಟೇ. ತಿಂಗಳ ಖರ್ಚು 20,000. ವರ್ಷಕ್ಕೆ 2,40,000. ಇಪ್ಪತ್ತೈದು ಪಟ್ಟು 60 ಲಕ್ಷ. ಪ್ರಾವಿಡೆಂಟ್ ಫಂಡು, ಗ್ರಾಚ್ಯುಯಿಟಿ, ಬ್ಯಾಂಕಿನ ಠೇವಣಿ, ಊರಿನ ಜಮೀನು ಮಾರಿದಾಗ ಬಂದ ಪಾಲು ಎಲ್ಲ ಸೇರಿಸಿದರೆ ಎರಡು ವರ್ಷದಲ್ಲಿ ಅಲ್ಲಿಗೆ ಬರುತ್ತೆ. ಮನೆ ಸ್ವಂತದ್ದು, ಸಾಲವಿಲ್ಲ. ಮಗ ಕೆಲಸಕ್ಕೆ ಸೇರಿದ್ದಾನೆ, ಮಗಳು ಬಿ.ಕಾಂ. ಓದುತ್ತಿದ್ದಾಳೆ, ಅವಳ ಓದು ಮದುವೆಗೆ ಬೇರೆ ಎತ್ತಿಟ್ಟಿದೆ.

"ಇಪ್ಪತ್ತು ಸಾವಿರಕ್ಕೆ ತಿಂಗಳು ಸಾಗುತ್ತಲ್ಲೇ?" ಎಂದರು.

"ಸಾಗುತ್ತೆ. ಯಾವ ತಿಂಗಳು ಅಂತ ಹೇಳಿ?" ಎಂದೆ.

ಮನೆ ಖರ್ಚಿನ ಪುಸ್ತಕವನ್ನು ನಾನು ಮದುವೆಯಾದ ವರ್ಷದಿಂದ ಬರೆಯುತ್ತಿದ್ದೇನೆ. ಉದ್ದನೆಯ ರಟ್ಟಿನ ಪುಸ್ತಕ, ವರ್ಷಕ್ಕೊಂದು, ಯುಗಾದಿಗೆ ಹೊಸದು. ನಾನು ಓದಿದ್ದು ಎಸ್.ಎಸ್.ಎಲ್.ಸಿ., ಆದರೆ ಕೂಡುವುದು ಕಳೆಯುವುದಕ್ಕೆ ಅಷ್ಟು ಸಾಕು. ಇವರು ಹೇಳಿದ ಇಪ್ಪತ್ತು ಸಾವಿರ ಸುಳ್ಳೇನಲ್ಲ. ದಿನಸಿ 7,000, ಹಾಲು ಮೊಸರು 2,400, ತರಕಾರಿ ಹಣ್ಣು 3,000, ಗ್ಯಾಸು 1,000, ಫೋನು ಟಿ.ವಿ. 1,300, ಪೆಟ್ರೋಲು 2,500, ಅತ್ತೆಯವರ ಸಕ್ಕರೆ ಕಾಯಿಲೆಯ ಔಷಧಿ 2,800. ಕೂಡಿ ನೋಡಿ, ಸರಿಯಾಗಿ ಇಪ್ಪತ್ತೇ. ಆದರೆ ಇದು ಪ್ರತಿ ತಿಂಗಳೂ ಬರುವ ಖರ್ಚು. ವರ್ಷಕ್ಕೊಮ್ಮೆ, ಎರಡು ವರ್ಷಕ್ಕೊಮ್ಮೆ ಬಂದು ಕುತ್ತಿಗೆ ಹಿಡಿಯುವ ಖರ್ಚು ಬೇರೆ ಇದೆ. ಗಂಡಸರಿಗೆ ಅದು "ಆ ತಿಂಗಳು ಏನೋ ಸ್ವಲ್ಪ ಜಾಸ್ತಿಯಾಯ್ತು" ಎಂದಷ್ಟೇ ನೆನಪಿರುತ್ತೆ. ಹನ್ನೆರಡು ತಿಂಗಳಲ್ಲಿ ಏನೂ ಜಾಸ್ತಿಯಾಗದ ತಿಂಗಳು ಎಷ್ಟಿವೆ ಎಂದು ಪುಸ್ತಕ ತಿರುವಿ ನೋಡಿದೆ. ಮೂರೇ ಮೂರು ಸಿಕ್ಕವು, ಅದರಲ್ಲಿ ಒಂದು ಆಷಾಢ.

ಮುಯ್ಯಿಯನ್ನೇ ತೆಗೆದುಕೊಳ್ಳಿ. ನಮ್ಮ ಕಡೆ ಮದುವೆ, ಗೃಹಪ್ರವೇಶ, ಸೀಮಂತ, ನಾಮಕರಣ, ಒಂದನ್ನೂ ತಪ್ಪಿಸುವ ಹಾಗಿಲ್ಲ. ನಮ್ಮ ಮನೆಯ ಕಾರ್ಯಕ್ಕೆ ಅವರು ಮಾಡಿದ್ದನ್ನು ನಾವು ತೀರಿಸಲೇಬೇಕು, ನಾಳೆ ಮಗಳ ಮದುವೆಯಿದೆ. ಹೋದ ವರ್ಷ ಮುಯ್ಯಿಗೇ 22,000 ಆಗಿದೆ. ಹಬ್ಬ ಮತ್ತು ಬಟ್ಟೆಬರೆ, ಗೌರಿಗೆ ನಾದಿನಿಯರಿಗೆ ಕೊಡುವ ಬಾಗಿನ ಸೇರಿ 25,000. ಊರಿಗೆ, ತವರಿಗೆ, ದೇವಸ್ಥಾನಕ್ಕೆ ಹೋಗಿಬಂದದ್ದು 16,000. ಮನೆ ಕಂದಾಯ 4,000. ಗಾಡಿಗಳ ವಿಮೆ, ಟೈರು, ರಿಪೇರಿ 18,000. ಸುಣ್ಣಬಣ್ಣ, ಸೋರುವ ತಾರಸಿ, ಕೆಟ್ಟ ಮಿಕ್ಸಿ, ವಯಸ್ಸಾದ ಫ್ರಿಜ್ಜು, ಇವನ್ನೆಲ್ಲ ಐದು ವರ್ಷದ ಪುಸ್ತಕ ನೋಡಿ ಸರಾಸರಿ ಹಾಕಿದರೆ ವರ್ಷಕ್ಕೆ 24,000. ಹಲ್ಲು, ಕನ್ನಡಕ, ಜ್ವರ, ರಕ್ತಪರೀಕ್ಷೆಗೆ 15,000. ಕೊನೆಯದು ಆರೋಗ್ಯ ವಿಮೆ. ಈಗ ಕಂಪೆನಿಯವರೇ ಕಟ್ಟುತ್ತಾರೆ, ಆದ್ದರಿಂದ ಅದು ನನ್ನ ಪುಸ್ತಕದಲ್ಲೂ ಇಲ್ಲ, ಇವರ ಕಾಗದದಲ್ಲೂ ಇಲ್ಲ. ಕೆಲಸ ಬಿಟ್ಟ ದಿನವೇ ಅದು ನಿಲ್ಲುತ್ತೆ. ನಾವೇ ತೆಗೆದುಕೊಂಡರೆ ಇಬ್ಬರಿಗೂ ಸೇರಿ ವರ್ಷಕ್ಕೆ 32,000 ಆಗಬಹುದು ಎಂದು ಏಜೆಂಟರು ಅಂದಾಜು ಹೇಳಿದ್ದಾರೆ.

ಇದೆಲ್ಲ ಒಟ್ಟು 1,56,000 ರೂಪಾಯಿ. ಮೊದಲಿನ 2,40,000ಕ್ಕೆ ಸೇರಿಸಿದರೆ 3,96,000. ಇಪ್ಪತ್ತೈದು ಪಟ್ಟು ಎಂದರೆ 99 ಲಕ್ಷ. ಅರವತ್ತು ಲಕ್ಷದ ನಿವೃತ್ತಿ ಒಂದು ಸಂಜೆಯಲ್ಲಿ ಕೋಟಿಯ ಹತ್ತಿರ ಬಂತು. ಇವರು ಕನ್ನಡಕ ತೆಗೆದು ಒರೆಸಿಕೊಂಡು ಪುಸ್ತಕವನ್ನು ತಮ್ಮ ಕಡೆಗೆ ಎಳೆದುಕೊಂಡರು. ಇಪ್ಪತ್ತಮೂರು ವರ್ಷದಲ್ಲಿ ಆ ಪುಸ್ತಕವನ್ನು ಅವರು ಪೂರ್ತಿ ಓದಿದ್ದು ಅವತ್ತೇ ಮೊದಲು.

ಇಷ್ಟು ವಿವರವಾಗಿ ನಮ್ಮ ಮನೆಯ ಗುಟ್ಟನ್ನು ಬಿಚ್ಚಿಟ್ಟದ್ದು ಯಾಕೆಂದರೆ, ಈ ಇಡೀ ಗೋಪುರ ನಿಂತಿರುವುದು "ವರ್ಷದ ಖರ್ಚು" ಎಂಬ ಒಂದೇ ಕಲ್ಲಿನ ಮೇಲೆ. ಆ ಕಲ್ಲಿನ ತೂಕ ಗೊತ್ತಿರುವುದು ಮನೆ ನಡೆಸುವವಳಿಗೆ. ಅವಳನ್ನು ಕೇಳದೆ ಯಾವ ಇಂಜಿನಿಯರು, ಯಾವ ಆಡಿಟರು ಹಾಕಿದರೂ ಲೆಕ್ಕ ಹುಸಿ.

ಅಡಿಗೆಮನೆಯಿಂದ ಇನ್ನೊಂದು ಲೆಕ್ಕವನ್ನೂ ಹೇಳುತ್ತೇನೆ, ಇದು ಬಹಳ ಉಪಯೋಗಕ್ಕೆ ಬರುತ್ತೆ. ತಿಂಗಳಿಗೆ 1,000 ರೂಪಾಯಿ ಖರ್ಚು ಎಂದರೆ ವರ್ಷಕ್ಕೆ 12,000, ಇಪ್ಪತ್ತೈದು ಪಟ್ಟು 3 ಲಕ್ಷ. ಅಂದರೆ ಬೇಡದ ಒಂದು ಸಾವಿರ ಕಡಿಮೆ ಮಾಡಿದರೆ ಕೂಡಿಸಬೇಕಾದ ಗಂಟು ಮೂರು ಲಕ್ಷ ಇಳಿಯಿತು. ಇದನ್ನೇ ತಿರುಗಿಸಿ: ನೀವು ಮನೆಯಲ್ಲೇ ಬ್ಲೌಸು ಹೊಲಿದೋ, ಚಕ್ಕುಲಿ ಕೋಡುಬಳೆ ಮಾಡಿ ಅಂಗಡಿಗೆ ಹಾಕಿಯೋ, ಹುಡುಗರಿಗೆ ಪಾಠ ಹೇಳಿಯೋ ತಿಂಗಳಿಗೆ 5,000 ತಂದರೆ ಅದು 15 ಲಕ್ಷದ ಗಂಟಿಗೆ ಸಮ. "ಅದೇನು ಮಹಾ, ಕೈಖರ್ಚಿಗಾಯ್ತು" ಎನ್ನುವವರಿಗೆ ಈ ಅಂಕಿಯನ್ನು ಹೇಳಿ. 2023ರ ಆಗಸ್ಟಿನಲ್ಲಿ ಶುರುವಾದ ಗೃಹಲಕ್ಷ್ಮಿಯ 2,000 ರೂಪಾಯಿ ಬರುವವರು ಬಂದಷ್ಟು ದಿನ ಬೇರೆ ಎತ್ತಿಡಿ, ಇಪ್ಪತ್ತೈದು ವರ್ಷದ ಲೆಕ್ಕಕ್ಕೆ ಮಾತ್ರ ಸೇರಿಸಬೇಡಿ. ಸರಕಾರಗಳು ಬರುತ್ತವೆ, ಹೋಗುತ್ತವೆ.

ಆದರೆ ಹೊಟ್ಟೆ ಕಟ್ಟಿ ಉಳಿಸುವುದನ್ನು ನಾನು ಒಪ್ಪುವುದಿಲ್ಲ. ಹಣ್ಣು ಬಿಟ್ಟು, ಹಾಲಿಗೆ ನೀರು ಬೆರೆಸಿ, ಅತ್ತೆಯವರ ಕಣ್ಣಿನ ಆಪರೇಷನ್ ಮುಂದಕ್ಕೆ ಹಾಕಿ ಬೇಗ ನಿವೃತ್ತಿಯಾಗುವ ಗಂಡಸರೂ ಇದ್ದಾರೆ. ಅಂಥ ಮನೆಯಲ್ಲಿ ಮೊದಲು ಕಡಿತವಾಗುವುದು ಯಾರ ತಟ್ಟೆ ಎಂದು ನಿಮಗೆ ಹೇಳಬೇಕಾಗಿಲ್ಲ.

ವಿ.ಆರ್.ಎಸ್. ಕಂಡ ಊರು ನಮ್ಮದು

ಬೇಗ ನಿವೃತ್ತಿ ನಮ್ಮ ಜಿಲ್ಲೆಗೆ ಹೊಸದೇನಲ್ಲ, ಹೆಸರು ಮಾತ್ರ ಹೊಸದು. ನಾವು ಅದನ್ನು ವಿ.ಆರ್.ಎಸ್. ಎಂದು ಕರೆಯುತ್ತಿದ್ದೆವು. 2000-01ರಲ್ಲಿ ಸರಕಾರಿ ಬ್ಯಾಂಕುಗಳಿಂದ ದೇಶದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಹೀಗೆ ಹೊರಬಂದರು. ತುಮಕೂರಿನ ಎಚ್.ಎಂ.ಟಿ. ಕೈಗಡಿಯಾರದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2016ರ ಜನವರಿಯಲ್ಲಾಯಿತು. 2020ರ ಜನವರಿ 31ರಂದು ಬಿ.ಎಸ್.ಎನ್.ಎಲ್.ನಿಂದ ಒಂದೇ ದಿನ 78,000ಕ್ಕೂ ಹೆಚ್ಚು ಜನ ನಿವೃತ್ತರಾದರು. ಎಲ್ಲರೂ ಐವತ್ತು ದಾಟಿದವರು, ಆದರೆ ಅರವತ್ತು ತುಂಬದವರು. ಇವರಲ್ಲಿ ಬಯಸಿ ಬಂದವರು ಎಷ್ಟು, ಬೇರೆ ದಾರಿಯಿಲ್ಲದೆ ಬಂದವರು ಎಷ್ಟು ಎಂಬುದು ಅವರವರ ಮನೆಯವರಿಗೇ ಗೊತ್ತು.

ಅಂಥ ಮನೆಗಳನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಇಡಿಗಂಟು ಬಂದ ತಿಂಗಳು ನೆಂಟರು ಹೆಚ್ಚುತ್ತಾರೆ. ತಮ್ಮನಿಗೆ ಸೈಟಿಗೆಂದು ಸ್ವಲ್ಪ, ಮಗನ ಅಂಗಡಿಗೆ ಸ್ವಲ್ಪ, ಮಗಳ ಮದುವೆಗೆ ಅಂದುಕೊಂಡದ್ದರ ಎರಡರಷ್ಟು. ನಮ್ಮ ಹಿಂದಿನ ಬೀದಿಯ ಒಬ್ಬರು ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿಯ ಆಸೆಗೆ ಯಾವುದೋ ಫೈನಾನ್ಸಿಗೆ ಹಾಕಿದರು. ಎಂಟು ತಿಂಗಳು ಬಡ್ಡಿ ಬಂತು, ಒಂಬತ್ತನೇ ತಿಂಗಳು ಬೋರ್ಡೇ ಇರಲಿಲ್ಲ. ಅವರ ಹೆಂಡತಿ ಐವತ್ತನೇ ವಯಸ್ಸಿನಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗಲು ಶುರುಮಾಡಿದರು. ಗಂಡ ನಿವೃತ್ತಿ, ಹೆಂಡತಿಗೆ ನೌಕರಿ! ಬ್ಯಾಂಕು ಎಂಬ ಹೆಸರಿದ್ದರೆ ಸಾಕು ಎಂದೂ ಅಲ್ಲ. 2020ರ ಜನವರಿಯಲ್ಲಿ ಬೆಂಗಳೂರಿನ ಬಸವನಗುಡಿಯ ಸಹಕಾರಿ ಬ್ಯಾಂಕೊಂದರ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ಹಾಕಿದಾಗ ನಿವೃತ್ತರ ದೊಡ್ಡ ಸಾಲೇ ಬಾಗಿಲಲ್ಲಿ ನಿಂತಿತ್ತು. ಬ್ಯಾಂಕಿನ ಠೇವಣಿಗೆ ಇರುವ ವಿಮೆಯನ್ನು 2020ರ ಫೆಬ್ರವರಿಯಲ್ಲಿ ಒಂದು ಲಕ್ಷದಿಂದ ಐದು ಲಕ್ಷಕ್ಕೆ ಏರಿಸಿದರು, ಅದೂ ಒಂದು ಬ್ಯಾಂಕಿಗೆ ಒಬ್ಬರಿಗೆ ಇಷ್ಟು ಎಂದು. ಇಡಿಗಂಟನ್ನು ಒಂದೇ ಕಡೆ ಇಡಬೇಡಿ ಎನ್ನುವುದು ಅದಕ್ಕೇ.

ಗಂಡಸರು ಮನೆಯಲ್ಲಿ ಕೂತಾಗ ಇನ್ನೊಂದು ಸಂಗತಿಯೂ ನಡೆಯುತ್ತೆ. ಹನ್ನೊಂದಕ್ಕೆ ಇನ್ನೊಂದು ಕಾಫಿ, ನಾಲ್ಕಕ್ಕೆ ಬಿಸಿ ಬೋಂಡ, ಮಧ್ಯಾಹ್ನ ಮಲಗಿದವರ ಪಕ್ಕದಲ್ಲಿ ಫ್ಯಾನು, ಟಿ.ವಿ. ಖರ್ಚು ಇಳಿಯುವ ಮಾತಿರಲಿ, ಏರುತ್ತೆ. ನಮ್ಮ ಕೆಲಸವೂ ಏರುತ್ತೆ. ಕೇಂದ್ರ ಸರಕಾರದವರು 2019ರಲ್ಲಿ ದೇಶದ ತುಂಬ ಯಾರು ದಿನದ ಎಷ್ಟು ಹೊತ್ತನ್ನು ಯಾವುದಕ್ಕೆ ಕಳೆಯುತ್ತಾರೆ ಎಂದು ಸಮೀಕ್ಷೆ ಮಾಡಿದರು. ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ ಕೊಡುತ್ತಾರಂತೆ, ಅದೂ ಗಂಡಸರಲ್ಲಿ ಮನೆಗೆಲಸ ಮಾಡುವವರನ್ನು ಮಾತ್ರ ಎಣಿಸಿದರೆ. ಐದು ಗಂಟೆಯ ಈ ಕೆಲಸಕ್ಕೆ ಯಾವ ವಯಸ್ಸಿಗೆ ನಿವೃತ್ತಿ ಎಂದು ಇವರನ್ನು ಕೇಳಿದೆ. "ನೀನೂ ತಗೋ, ಯಾರು ಬೇಡ ಅಂದರು" ಎಂದರು ನಗುತ್ತಾ. "ಹಾಗಾದರೆ ಬೆಳಗಿನ ತಿಂಡಿ ನಿಮ್ಮದು, ಪಾತ್ರೆ ನಿಮ್ಮದು" ಎಂದೆ. ಈಗ ಭಾನುವಾರ ಉಪ್ಪಿಟ್ಟು ಇವರೇ ಮಾಡುತ್ತಾರೆ. ರವೆ ಹುರಿಯುವುದು ಇನ್ನೂ ಬಂದಿಲ್ಲ, ಬರುತ್ತೆ. ಮಗ ಸೊಸೆಯ ಕಾಲಕ್ಕಾದರೂ ಇದನ್ನು ಕೇಳಿ ಪಡೆಯುವ ಹಾಗಿರಬಾರದು.

ಗಂಟಿಗೆ ಎಷ್ಟು ಆಯುಸ್ಸು?

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ಅಮೆರಿಕದ ಸೂತ್ರ ಮೂವತ್ತು ವರ್ಷಕ್ಕೆ ಹಾಕಿದ್ದು, ಅಲ್ಲಿಯ ಷೇರುಪೇಟೆ, ಅಲ್ಲಿಯ ಬೆಲೆಗಳನ್ನು ನೋಡಿ ಹಾಕಿದ್ದು. ನಮ್ಮಂಥವರ ದುಡ್ಡು ಬಹುಪಾಲು ಇರುವುದು ಬ್ಯಾಂಕು, ಪೋಸ್ಟಾಫೀಸಿನಲ್ಲಿ. ಇಲ್ಲಿ ಬಡ್ಡಿಯೂ ಬೆಲೆಯೇರಿಕೆಯೂ ಜೊತೆಜೊತೆಗೇ ಓಡುತ್ತವೆ. ಎರಡೂ ಸಮನಾದರೆ ಗಂಟು ಬೆಳೆಯುವುದಿಲ್ಲ, ಇಪ್ಪತ್ತೈದು ವರ್ಷದ ಖರ್ಚು ಇಪ್ಪತ್ತೈದು ವರ್ಷಕ್ಕೇ ಮುಗಿಯುತ್ತೆ. ಬಡ್ಡಿ ನೂರಕ್ಕೆ ಏಳು, ಬೆಲೆಯೇರಿಕೆ ಆರು ಎಂದುಕೊಂಡರೂ ಇಪ್ಪತ್ತೆಂಟು ವರ್ಷ ಬಂದೀತು, ಅಷ್ಟೆ. ಮೊದಲ ವರ್ಷ ನೋಡಿದರೆ ಹಾಗೆ ಕಾಣುವುದಿಲ್ಲ, ಅದೇ ಮೋಸ. ತೊಂಬತ್ತೊಂಬತ್ತು ಲಕ್ಷಕ್ಕೆ ನೂರಕ್ಕೆ ಏಳರಂತೆ ಬಡ್ಡಿ 6,93,000 ಬರುತ್ತೆ. ಖರ್ಚು 3,96,000. "ಮೂರು ಲಕ್ಷ ಮಿಗುತ್ತಲ್ಲ, ಕಾಶಿಗೆ ಹೋಗಿಬರೋಣ" ಅನಿಸುತ್ತೆ. ಆದರೆ ಆ ಮಿಕ್ಕ ದುಡ್ಡು ಗಂಟಿಗೇ ವಾಪಸು ಸೇರಬೇಕು. ಬೆಲೆ ವರ್ಷಕ್ಕೆ ನೂರಕ್ಕೆ ಆರರಂತೆ ಏರಿದರೆ ಹನ್ನೆರಡು ವರ್ಷಕ್ಕೆ ಎರಡರಷ್ಟಾಗುತ್ತೆ (72ನ್ನು 6ರಿಂದ ಭಾಗಿಸಿ, ಈ ಸುಲಭದ ಲೆಕ್ಕ ಎಲ್ಲದಕ್ಕೂ ಬರುತ್ತೆ). ಇದೇ ಊಟ, ಇದೇ ಹಾಲು, ಇದೇ ಮುಯ್ಯಿಗೆ ಹನ್ನೆರಡು ವರ್ಷದ ಮೇಲೆ 7,92,000 ಬೇಕು, ಇಪ್ಪತ್ತನಾಲ್ಕು ವರ್ಷದ ಮೇಲೆ 15,84,000.

ಬಡ್ಡಿಯಾದರೂ ನಿಂತಲ್ಲಿ ನಿಲ್ಲುತ್ತದೆಯೇ? ಪಿ.ಪಿ.ಎಫ್. ಖಾತೆಗೆ 1986ರಿಂದ 1999ರ ಕೊನೆಯ ತನಕ ನೂರಕ್ಕೆ 12 ಬಡ್ಡಿ ಇತ್ತು. 2020ರ ಏಪ್ರಿಲ್‌ನಲ್ಲಿ ಅದು 7.1ಕ್ಕೆ ಇಳಿಯಿತು. ಹತ್ತು ಲಕ್ಷಕ್ಕೆ ವರ್ಷಕ್ಕೆ 1,20,000 ಬರುತ್ತಿದ್ದ ಕಡೆ 71,000. ತೊಂಬತ್ತರ ದಶಕದ ಬಡ್ಡಿಯನ್ನು ನಂಬಿ ಬೇಗ ಮನೆಗೆ ಬಂದವರು ಆಮೇಲೆ ಏನು ಪಾಡುಪಟ್ಟಿರಬೇಕು, ಊಹಿಸಿ.

ಬಿಡ್ತು ಅನ್ನಿ, ಆದರೂ ಹೇಳಲೇಬೇಕಾದ ಮಾತು ಒಂದಿದೆ. ಇವರು ಐವತ್ತೆರಡಕ್ಕೆ ಬಿಟ್ಟು, ಗಂಟು ಇಪ್ಪತ್ತೈದು ವರ್ಷಕ್ಕೆ ಮುಗಿದರೆ ಆಗ ಇವರಿಗೆ ಎಪ್ಪತ್ತೇಳು. ನನಗೆ ಎಪ್ಪತ್ತೆರಡು. ನಮ್ಮ ದೇಶದಲ್ಲಿ ಸರಾಸರಿ ನೋಡಿದರೆ ಹೆಂಗಸರ ಆಯುಸ್ಸು ಗಂಡಸರಿಗಿಂತ ಹೆಚ್ಚು, ಮೇಲಾಗಿ ನಾವು ಗಂಡನಿಗಿಂತ ನಾಲ್ಕೈದು ವರ್ಷ ಚಿಕ್ಕವರು. ಮುತ್ತೈದೆಯಾಗಿಯೇ ಹೋಗಬೇಕು ಎಂದು ಗೌರಿಯ ಮುಂದೆ ಬೇಡಿಕೊಳ್ಳುವವರು ನಾವೇ ಸರಿ, ಆದರೆ ಗೌರಿಗೆ ಕೈಮುಗಿದ ಮೇಲೂ ಲೆಕ್ಕ ಲೆಕ್ಕವೇ. ಗಂಟು ಬರಿದಾಗುವ ಆ ಕೊನೆಯ ವರ್ಷಗಳು ಬಹುಮಟ್ಟಿಗೆ ಹೆಂಗಸರ ಪಾಲಿನವು. ಬೇಗ ನಿವೃತ್ತಿಯ ಸುಖದ ಮೊದಲ ಪಾಲು ಗಂಡನಿಗೆ, ಲೆಕ್ಕ ತಪ್ಪಿದರೆ ಅದರ ಕಷ್ಟದ ಪಾಲು ಹೆಂಡತಿಗೆ. ಅದಕ್ಕೇ ಇಪ್ಪತ್ತೈದರ ಬದಲು ಮೂವತ್ತಮೂರು ಪಟ್ಟು ಇಟ್ಟುಕೊಳ್ಳುವುದು ಮೇಲು ಎಂದು ನನ್ನ ಅಭಿಪ್ರಾಯ. ನೂರಕ್ಕೆ ಮೂರು ರೂಪಾಯಿ ಮಾತ್ರ ತೆಗೆಯುವುದು. ನಮ್ಮ ಮನೆಗೆ ಅದು ಒಂದು ಕೋಟಿ ಮೂವತ್ತು ಲಕ್ಷ ಆಗುತ್ತೆ. ಅಷ್ಟು ನಮ್ಮಲ್ಲಿಲ್ಲ. ಆಗ ಮಾಡುವುದೇನು? ಇನ್ನೂ ಕೆಲವು ವರ್ಷ ದುಡಿಯಬೇಕು, ಇಲ್ಲವೆ ಬಿಟ್ಟ ಮೇಲೂ ಚಿಕ್ಕದೊಂದು ಆದಾಯ ಇಟ್ಟುಕೊಳ್ಳಬೇಕು. ಅಕ್ಕನ ಮಗ ಹೇಳುವ ಹಾಗೆ ಒಂದು ಪಾಲನ್ನು ಮ್ಯೂಚುವಲ್ ಫಂಡಿನಲ್ಲೂ ಇಟ್ಟರೆ ಬೆಲೆಯೇರಿಕೆಯನ್ನು ದಾಟುವ ಸಂಭವವಿದೆ, ಆದರೆ ಅದು ಇಳಿದ ವರ್ಷವೂ ಮುಟ್ಟದೆ ಇರುವ ಧೈರ್ಯ ಬೇಕು. ಐದು ವರ್ಷದ ಖರ್ಚು ಪೋಸ್ಟಾಫೀಸಿನಲ್ಲಿ ಇರುವವರಿಗೆ ಮಾತ್ರ ಆ ಧೈರ್ಯ ಬರುತ್ತೆ ಎಂದು ನನಗನಿಸುತ್ತೆ.

ಇನ್ನು ಕಾಗದಪತ್ರ. ಪಾಸ್‌ಬುಕ್ಕುಗಳನ್ನೆಲ್ಲ ಒಂದು ದಿನ ಹಾಸಿ ಕೂತು ನೋಡಿ. ಖಾತೆ ಬರೀ ಗಂಡನ ಹೆಸರಿನಲ್ಲಿದ್ದರೆ ಜಂಟಿ ಮಾಡಿಸಿ, ಅದರಲ್ಲೂ "ಇಬ್ಬರಲ್ಲಿ ಒಬ್ಬರು ಅಥವಾ ಬದುಕುಳಿದವರು" ಎಂಬ ಬಗೆಯಲ್ಲಿ. ನಾಮಿನಿಯಾಗಿ ನಿಮ್ಮ ಹೆಸರು ಬರೆದಿದ್ದರೆ ದುಡ್ಡು ನಿಮ್ಮದೇ ಎಂದು ತಿಳಿಯಬೇಡಿ. ನಾಮಿನಿ ಎಂದರೆ ದುಡ್ಡನ್ನು ಕೈಗೆ ತೆಗೆದುಕೊಳ್ಳುವವರು ಅಷ್ಟೆ, ಅದು ಸೇರಬೇಕಾದದ್ದು ವಾರಸುದಾರರಿಗೆ. ಗೊಂದಲ ಬೇಡವೆಂದರೆ ಉಯಿಲು ಬರೆಸಿಡಬೇಕು. ಗಂಡ ತನ್ನ ಜೀವವಿಮೆಯನ್ನು ಹೆಂಡತಿಯ ಸಲುವಾಗಿಯೇ ಎಂದು 1874ರ ವಿವಾಹಿತ ಮಹಿಳೆಯರ ಸ್ವತ್ತಿನ ಕಾಯಿದೆಯಡಿ ಮಾಡಿಸಬಹುದು. ಹಾಗೆ ಮಾಡಿಸಿದ ವಿಮೆಯ ಹಣವನ್ನು ಗಂಡನ ಸಾಲಗಾರರು ಮುಟ್ಟುವ ಹಾಗಿಲ್ಲ. ಪಾಲಿಸಿ ತೆಗೆದುಕೊಳ್ಳುವಾಗಲೇ ಇದನ್ನು ಕೇಳಿ ಬರೆಸಬೇಕು. ವ್ಯಾಪಾರ ಮಾಡುವ ಮನೆಯವರು ಇದನ್ನು ಮರೆಯಬಾರದು.

ನಿಮ್ಮ ಹೆಸರಿನಲ್ಲಿ ಬೇರೆಯೇ ಒಂದು ಖಾತೆಯೂ ಇರಲಿ. ಸಾಸಿವೆ ಡಬ್ಬಿಯ ದುಡ್ಡಿನ ಗತಿ 2016ರ ನವೆಂಬರ್ 8ರ ರಾತ್ರಿ ಏನಾಯಿತೆಂದು ನೆನಪಿದೆಯಲ್ಲ? ಐನೂರು, ಸಾವಿರದ ನೋಟು ನಡೆಯುವುದಿಲ್ಲ ಎಂದಾಗ ನಮ್ಮ ಬೀದಿಯಲ್ಲೇ ಎಷ್ಟು ಡಬ್ಬಿ, ಎಷ್ಟು ದಿಂಬಿನ ಚೀಲಗಳಿಂದ ಗುಟ್ಟಿನ ಗಂಟು ಹೊರಬಂತು! ಹದಿನೈದು ವರ್ಷ ಕೂಡಿಟ್ಟದ್ದು ಗಂಡಂದಿರ ಕೈಗೆ ಹೋಗಿ, ಅವರ ಖಾತೆ ಸೇರಿ, ಹಾಗೇ ಅಲ್ಲೇ ಉಳಿಯಿತು. ಪಿ.ಪಿ.ಎಫ್. ಖಾತೆಯನ್ನು ಗೃಹಿಣಿಯೂ ತನ್ನ ಹೆಸರಿನಲ್ಲಿ ಪೋಸ್ಟಾಫೀಸಿನಲ್ಲಿ ತೆರೆಯಬಹುದು. ವರ್ಷಕ್ಕೆ 500 ಕಟ್ಟಿದರೂ ನಡೆಯುತ್ತೆ, ಹದಿನೈದು ವರ್ಷದ ಅವಧಿ. ಪೋಸ್ಟಾಫೀಸಿನ ಮಾಸಿಕ ಆದಾಯ ಯೋಜನೆಯಲ್ಲಿ 2023ರಿಂದ ಒಬ್ಬರೇ ಆದರೆ 9 ಲಕ್ಷ, ಜಂಟಿಯಾದರೆ 15 ಲಕ್ಷದವರೆಗೆ ಇಡಬಹುದು. 2024ರಲ್ಲಿದ್ದ 7.4ರ ಬಡ್ಡಿಯಂತೆ ಹದಿನೈದು ಲಕ್ಷಕ್ಕೆ ತಿಂಗಳಿಗೆ 9,250 ಬರುತ್ತಿತ್ತು. ಬಡ್ಡಿ ಬದಲಾಗುತ್ತಿರುತ್ತೆ, ಹೋದ ದಿನ ಕೌಂಟರಿನಲ್ಲಿ ಕೇಳಿ.

ನಮ್ಮ ಮನೆಯಲ್ಲಿ ಕೊನೆಗೆ ಏನಾಯಿತು ಎಂದು ನೀವು ಕೇಳಬಹುದು. ಐವತ್ತೆರಡು ಹೋಗಿ ಐವತ್ತೈದಕ್ಕೆ ಬಂದು ನಿಂತಿದೆ. ಅದು ನನ್ನ ಹಟಕ್ಕಲ್ಲ, ಕಾರಣವಿದೆ. ಹಿರಿಯ ನಾಗರಿಕರ ಉಳಿತಾಯ ಯೋಜನೆ ಸಾಮಾನ್ಯವಾಗಿ ಅರವತ್ತು ದಾಟಿದವರಿಗೆ, ಆದರೆ ಕೆಲಸದಿಂದ ನಿವೃತ್ತರಾದವರು ಐವತ್ತೈದಕ್ಕೇ ಸೇರಬಹುದು. ನಿವೃತ್ತಿಯ ಹಣ ಕೈಸೇರಿದ ಮೂರು ತಿಂಗಳೊಳಗೆ ಹಾಕಬೇಕು, ಮಿತಿ 30 ಲಕ್ಷ, ಹೆಂಡತಿಯನ್ನು ಜೊತೆಗೆ ಸೇರಿಸಿಕೊಳ್ಳಬಹುದು. 2024ರಲ್ಲಿ ಅದಕ್ಕೆ ನೂರಕ್ಕೆ 8.2 ಬಡ್ಡಿ ಇತ್ತು. ಐವತ್ತೆರಡಕ್ಕೆ ಬಿಟ್ಟರೆ ಆ ಬಾಗಿಲು ಆಗಲೇ ತೆರೆಯುವುದಿಲ್ಲ. ಪ್ರಾವಿಡೆಂಟ್ ಫಂಡಿನ ಪೆನ್ಷನ್ನೂ ಹಾಗೆಯೇ, ಐವತ್ತೆಂಟಕ್ಕೆ ಮೊದಲು ತೆಗೆದುಕೊಂಡರೆ ಒಂದೊಂದು ವರ್ಷಕ್ಕೂ ನೂರಕ್ಕೆ ನಾಲ್ಕರಂತೆ ಕಡಿಮೆ. ಇನ್ನು ಆರೋಗ್ಯ ವಿಮೆ. ಇವರಿಗೆ ರಕ್ತದೊತ್ತಡವಿದೆ. ಮೊದಲೇ ಇರುವ ಕಾಯಿಲೆಗೆ ವಿಮೆಯವರು ಹೆಚ್ಚೆಂದರೆ ಮೂರು ವರ್ಷ ಕಾಯಿಸಬಹುದು ಎಂದು 2024ರಲ್ಲಿ ನಿಯಮವಾಯಿತು, ಮೊದಲು ಅದು ನಾಲ್ಕಿತ್ತು. ಈಗಲೇ ಸ್ವಂತ ಪಾಲಿಸಿ ಮಾಡಿಸಿದರೆ ಕಂಪೆನಿಯ ರಕ್ಷೆ ಇರುವಾಗಲೇ ಆ ಮೂರು ವರ್ಷ ಕಳೆದುಹೋಗುತ್ತೆ.

ಪಾಲಿಸಿಗೆ ಹೋದ ತಿಂಗಳು ಮೊದಲ ಕಂತು ಕಟ್ಟಿದ್ದಾಯಿತು. ಅದನ್ನು ಈ ವರ್ಷದ ಪುಸ್ತಕದಲ್ಲಿ ಬರೆದದ್ದು ಇವರೇ, ನನ್ನ ಪೆನ್ನಿನಲ್ಲಿ, ಹಾಲಿನ ಲೆಕ್ಕದ ಕೆಳಗೆ.